ಕುರ್ಲಾದಲ್ಲಿ ಗಾಡಿ ಬದಲಿಸದೆ ಫಿಸಿಯೋಥೆರಪಿ

ಮಕ್ಕಳ ಫಿಸಿಯೋಥೆರಪಿ ವಿಡಿಯೋ ಕಾಲ್‌ನಲ್ಲಿ ನಡೆಯೋದು ಕೊರೊನಾ ಕಾಲದಲ್ಲಿ ಶುರುವಾದದ್ದು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಕ್ಯಾಮರಾ ಹೊಸದು, ನಿಜ. ಆದರೆ ತಜ್ಞರು ದೂರದಲ್ಲಿದ್ದು, ಅಮ್ಮನ ಕೈಯೇ ಕೆಲಸ ಮಾಡೋದು ಮುಂಬಯಿಗೆ ಹಳೆಯ ವಿಷಯ.

1940ರ ದಶಕ. ಪೋಲಿಯೋಗೆ ಲಸಿಕೆ ಇನ್ನೂ ಬಂದಿರಲಿಲ್ಲ. ಮುಂಬಯಿಯ ಫಾತೆಮಾ ಇಸ್ಮಾಯಿಲ್ ಅವರ ಪುಟ್ಟ ಮಗಳಿಗೆ ಪೋಲಿಯೋ ಆಯಿತು. ಮಗುವನ್ನು ಕರೆದುಕೊಂಡು ಅವರು ಹೋದದ್ದು ಮದರಾಸಿಗೆ, ಡಾ. ಎಂ. ಜಿ. ಕಿಣಿ ಹತ್ತಿರ. (ಕಿಣಿ ಅಂದಕೂಡಲೇ ಮಂಗಳೂರು ಕಡೆಯವರ ಕಿವಿ ನೆಟ್ಟಗಾಗಿರಬೇಕು!) ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಫಾತೆಮಾ ವೃತ್ತಿಯಿಂದ ವೈದ್ಯೆಯಲ್ಲ, ಆದರೂ ನೋಡಿ ನೋಡಿ ಕಲಿತರು. ಮುಂಬಯಿಗೆ ವಾಪಸ್ ಬಂದು 1947ರಲ್ಲಿ ಚೌಪಾಟಿಯಲ್ಲಿ ಬೇರೆ ಮಕ್ಕಳಿಗಾಗಿ ಪೋಲಿಯೋ ಕ್ಲಿನಿಕ್ ತೆರೆದರು. ಹಾಜಿ ಅಲಿಯ ಮಕ್ಕಳ ಮೂಳೆ ಆಸ್ಪತ್ರೆ ಬೆಳೆದದ್ದು ಆ ಕೆಲಸದಿಂದ. 1958ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾದದ್ದು 1950ರ ದಶಕದ ಆರಂಭದಲ್ಲಿ. ಅಂದರೆ ತಾಯಿಯ ಕ್ಲಿನಿಕ್ ಮೊದಲು, ಶಾಲೆ ಆಮೇಲೆ.

ಶಾಲೆ ಬಂದಮೇಲೆ ಥೆರಪಿ ಅಂದರೆ ಆಸ್ಪತ್ರೆಗೆ ಹೋಗೋದು ಅಂತಾಯಿತು. ನಮ್ಮ ಬೇಲಾಪುರಕ್ಕೆ ಹಾರ್ಬರ್ ಲೈನ್ ಬಂದದ್ದು 1993ರಲ್ಲಿ. ಈಗ ನವಿ ಮುಂಬಯಿಯಲ್ಲೂ ಮಕ್ಕಳ ಥೆರಪಿ ಇದೆ. ಆದರೂ ಕ್ಯಾಲಿಪರ್ ಹಾಕಿದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕುರ್ಲಾದಲ್ಲಿ ಗಾಡಿ ಬದಲಿಸಿ ಪರೇಲಿಗೆ ಹೋಗುವವರು ಇದ್ದೇ ಇದ್ದರು.

2020ರ ಮಾರ್ಚ್ 22ರ ರಾತ್ರಿ ಲೋಕಲ್ ನಿಂತಿತು. ಜೂನ್‌ನಲ್ಲಿ ಮತ್ತೆ ಓಡಿದ್ದು ಅಗತ್ಯ ಸೇವೆಯವರಿಗೆ ಮಾತ್ರ. ಎಲ್ಲರಿಗೂ, ಅದೂ ನಿಗದಿತ ವೇಳೆಯಲ್ಲಿ, ತೆರೆದದ್ದು 2021ರ ಫೆಬ್ರವರಿ 1ಕ್ಕೆ. ಸೆರೆಬ್ರಲ್ ಪಾಲ್ಸಿ ಇರೋ ಮಗುವಿಗೆ ಹತ್ತು ತಿಂಗಳು ಸಣ್ಣ ಅವಧಿಯಲ್ಲ. ಮೂಳೆ ಬೆಳೆಯುತ್ತಲೇ ಇರುತ್ತೆ, ಬಿಗಿಯಾದ ಸ್ನಾಯು ಅದರ ಜೊತೆ ಉದ್ದವಾಗಲ್ಲ. ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ನೋಂದಾಯಿತ ವೈದ್ಯರಿಗೆ ಮಾತ್ರ, ಫಿಸಿಯೋಥೆರಪಿಸ್ಟ್‌ಗಳು ಅದರಲ್ಲಿ ಇರಲೇ ಇಲ್ಲ. ಅವರು ತಮ್ಮ ಪಾಡಿಗೆ ವಾಟ್ಸಾಪ್ ವಿಡಿಯೋ ಶುರುಮಾಡಿದರು.

ನಮ್ಮ ಸೆಕ್ಟರ್‌ನ ಹುಬ್ಬಳ್ಳಿ ಕಡೆಯ ತಾಯಿಯೊಬ್ಬರು ಹೇಳಿದ್ದನ್ನ ಹಾಗೇ ಬರೀತೀನಿ: “ಕಾಲ್ ಎಳದ್ರ ಕೂಸು ಅಳತೈತ್ರೀ. ಆಕಿ ಸ್ಕ್ರೀನ್‌ನ್ಯಾಗ ‘ಇನ್ನೂ ಸ್ವಲ್ಪ’ ಅಂತಾಳ. ಸಾಕಾತೋ, ಹೆಚ್ಚಾತೋ, ನನಗ ಹ್ಯಾಂಗ್ ಗೊತ್ತಾಗಬೇಕು?” ಕಷ್ಟದ ಮೂಲ ಇಲ್ಲೇ ಇದೆ. ಸ್ನಾಯುವಿನ ಬಿಗಿತ ಅಳೆಯೋದೇ ಕೈಯಿಂದ: ಬೇಗ ಮಡಚಿದಾಗ ಎಲ್ಲಿ ತಡೆಯುತ್ತೆ ಅಂತ ಬೆರಳಿಗೆ ತಿಳೀಬೇಕು. ಯಾವ ಬ್ಯಾಂಡ್‌ವಿಡ್ತ್ ಕೊಟ್ಟರೂ ಅದು ಆ ಕಡೆಗೆ ಹೋಗಲ್ಲ. ಮೇಲಿಂದ “ನಿಲ್ಸಿ” ಅನ್ನೋ ಮಾತು ಒಂದು ಸೆಕೆಂಡ್ ತಡವಾಗಿ ಬರುತ್ತೆ.

ಲಾಭವೂ ಆಯಿತು. ಸ್ಟೀಲ್ ಡಬ್ಬಿಗೆ ಒರಗಿಸಿಟ್ಟ ಫೋನಿನಿಂದ ಥೆರಪಿಸ್ಟ್ ಮೊದಲ ಸಲ ಆ ಮನೆ ನೋಡಿದಳು. ಟಿವಿ ಮುಂದೆ ಮಗು ಎರಡೂ ಕಾಲು ಹಿಂದಕ್ಕೆ ಮಡಚಿ ಕೂರೋದು ಕಂಡು, ಗೋಡೆ ಪಕ್ಕ ಗಿಡ್ಡ ಸ್ಟೂಲ್ ಹಾಕಿಸಿದಳು. ಇನ್ನೊಂದು ಮನೆಯವರು ಧಾರವಾಡದ ಥೆರಪಿಸ್ಟ್ ಹುಡುಕಿಕೊಂಡರು. ಹಿಂದಿಯಲ್ಲಿ ಹೇಳಿದಾಗ ಅಮ್ಮನ ಮುಖ ನೋಡುತ್ತಿದ್ದ ಹುಡುಗ “ಮೊಣಕಾಲ ಮ್ಯಾಲ ನಿಂದ್ರು” ಅಂದಕೂಡಲೇ ನಿಂತನಂತೆ.

ಸಮಯದ ಲೆಕ್ಕ ಮಾತ್ರ ಯಾರೂ ಬರೆದಿಟ್ಟಿಲ್ಲ. ಇಬ್ಬರೂ ಐಟಿಯಲ್ಲಿರುವ ಮನೆಯಲ್ಲೂ ಸ್ಟ್ಯಾಂಡಪ್ ಕಾಲ್‌ನಲ್ಲಿ ಕ್ಯಾಮರಾ ಆಫ್ ಮಾಡಿ ಮಗುವಿನ ಕಾಲು ಹಿಡಿದವರು ಬಹುಪಾಲು ಅಮ್ಮಂದಿರೇ. ಅಪ್ಪಂದಿರು ಫೋನ್ ಹಿಡಿದರು.

ಹುಬ್ಬಳ್ಳಿಯ ಆ ತಾಯಿ ಈಗ ತಿಂಗಳಿಗೊಮ್ಮೆ ಲೋಕಲ್ ಹತ್ತುತ್ತಾರೆ, ಉಳಿದ ವಾರ ವಿಡಿಯೋ. ಮೊದಲ ಸಲ ಹೋದಾಗ ಥೆರಪಿಸ್ಟ್ ಅವರ ಕೈ ಮೇಲೆ ತನ್ನ ಕೈ ಇಟ್ಟು, ಕೂಸಿನ ಪಾದ ಮೆಲ್ಲಗೆ ಮೇಲಕ್ಕೆ ಒತ್ತಿ, “ಇಷ್ಟು” ಅಂದಳಂತೆ.