ವೃಷಭಾವತಿ ಕಣಿವೆಯ ನೀರು: ಪಶ್ಚಿಮ ಬೆಂಗಳೂರಿನ ನಾಗರಿಕರ ಪಾಲೆಷ್ಟು?

ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ಸ್ಥಳಪುರಾಣ ಹೇಳುವ ವೃಷಭಾವತಿ, ಮಲ್ಲೇಶ್ವರ, ರಾಜಾಜಿನಗರ, ವಿಜಯನಗರಗಳ ಕಡೆಯಿಂದ ಇಳಿದುಬರುವ ಹಳ್ಳಗಳನ್ನು ಕೂಡಿಸಿಕೊಂಡು ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತಾಳೆ. ಮುಂದೆ ಅರ್ಕಾವತಿ, ಅಲ್ಲಿಂದ ಸಂಗಮದಲ್ಲಿ ಕಾವೇರಿ. ಪಶ್ಚಿಮ ಬೆಂಗಳೂರಿನ ಪ್ರತಿಯೊಂದು ಮನೆಯ ಬಚ್ಚಲ ನೀರಿಗೂ ಬೈರಮಂಗಲದ ಗದ್ದೆಗೂ ನೇರ ಸಂಬಂಧವಿದೆ. ಆದರೆ ಈ ನೀರಿನ ಬಗ್ಗೆ ತೀರ್ಮಾನವಾಗುವ ಜಾಗದಲ್ಲಿ ಈ ಮನೆಯವರಿಗೂ ಆ ರೈತರಿಗೂ ಕುರ್ಚಿಯಿಲ್ಲ. ಅದು ಹೇಗಾಯಿತೆಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಕೆರೆಗಳ ಕಾಲದಲ್ಲಿ ಹೀಗಿರಲಿಲ್ಲ. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗೆ, ಕೆರೆಯ ನಿರ್ವಹಣೆಗೆಂದು ಬಿಟ್ಟ ಬಿತ್ತುವಟ್ಟ ಎಂಬ ದತ್ತಿಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಹೂಳೆತ್ತುವುದು, ಏರಿ ಕಾಯುವುದು, ತೂಬು ತೆಗೆಯುವುದು ಊರಿನವರ ಹೊಣೆಯಾಗಿತ್ತು. ಈ ವ್ಯವಸ್ಥೆಯನ್ನು ಆದರ್ಶವೆಂದು ಹೊಗಳಲು ನಾನು ಸಿದ್ಧನಿಲ್ಲ. ತೂಬಿನ ಬಳಿ ನಿಂತು ದುಡಿದ ನೀರಗಂಟಿ ಬಹುತೇಕ ಕಡೆ ದಲಿತ. ಲಾಭ ಉಂಡವರು ಭೂಮಿಯಿದ್ದವರು. ಆದರೂ ನೀರು ಬಳಸುವವರು ಮತ್ತು ಕೆರೆ ನೋಡಿಕೊಳ್ಳುವವರು ಒಂದೇ ಊರಿನಲ್ಲಿದ್ದರು. ತಪ್ಪಿದರೆ ಕೇಳುವವರಿದ್ದರು.

ಈ ಕೊಂಡಿ ಕಳಚತೊಡಗಿದ್ದು 1894ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬೆಂಗಳೂರಿಗೆ ಬಂದಮೇಲೆ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು, 1964ರಲ್ಲಿ ಜಲಮಂಡಳಿ ಹುಟ್ಟಿತು, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿ ನಲ್ಲಿಗೆ ಬಂದಳು. ನಲ್ಲಿಯಲ್ಲಿ ನೀರು ಬರುವಾಗ ಕೆರೆ ಯಾರಿಗೆ ಬೇಕು? 1949ರಲ್ಲಿ ರಾಜಾಜಿನಗರ ತಲೆಯೆತ್ತಿದ ಮೇಲೆ ಈ ಭಾಗದ ಕೆರೆಗಳು ಒಂದೊಂದಾಗಿ ಬಡಾವಣೆಯಾದವು. ಒಡ್ಡರಪಾಳ್ಯದ ಕೆರೆ ರಾಜಾಜಿನಗರದಲ್ಲಿ ಕರಗಿತು, ಕುರುಬರಹಳ್ಳಿ ಕೆರೆ ಬಸವೇಶ್ವರನಗರದೊಳಗೆ ಸೇರಿತು. ಸಾಣೆಗುರುವನಹಳ್ಳಿ ಕೆರೆಯಂಗಳ ಆಟದ ಮೈದಾನವಾಯಿತು. ಕಾಮಾಕ್ಷಿಪಾಳ್ಯದ ಕೆರೆ ಹೋಯಿತು, ವಿಜಯನಗರ ಕಾರ್ಡ್ ರಸ್ತೆಯ ಕೆರೆಯೂ ಹೋಯಿತು. ಇರುವ ಕೆರೆಗಳನ್ನಾದರೂ ಉಳಿಸಿ ಎಂದು ಸರ್ಕಾರ ನೇಮಿಸಿದ ಎನ್. ಲಕ್ಷ್ಮಣರಾವ್ ಸಮಿತಿ 1986ರಲ್ಲಿ ಹೇಳುವ ಹೊತ್ತಿಗೆ ಪಶ್ಚಿಮದ ಬಹುಪಾಲು ಕೆರೆಗಳ ಕತೆ ಮುಗಿದಿತ್ತು.

ಮುಂದಿನ ಹಂತದಲ್ಲಿ ನಾಗರಿಕರು ಎರಡು ದಾರಿಗಳನ್ನು ಕಂಡುಕೊಂಡರು. ಮೊದಲನೆಯದು ಮನೆಯ ತಾರಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ 1995ರಲ್ಲಿ ವಿಜಯನಗರದಲ್ಲಿ ಕಟ್ಟಿದ ಮನೆಗೆ ಜಲಮಂಡಳಿಯ ಸಂಪರ್ಕವನ್ನೇ ಪಡೆಯಲಿಲ್ಲ. ಅವರ ಲೆಕ್ಕ ಸರಳ. ಹಳೆಯ ಮಳೆ ದಾಖಲೆ ತೆಗೆದು ನೋಡಿದರೆ, ಒಂದು ಒಳ್ಳೆಯ ಮಳೆಗೂ ಇನ್ನೊಂದಕ್ಕೂ ನಡುವಿನ ಅತಿ ದೀರ್ಘ ಅಂತರ ನೂರು ದಿನದೊಳಗೆ. ಮನೆಯ ದಿನದ ಬಳಕೆ ಸುಮಾರು 400 ಲೀಟರ್. ಅಂದರೆ 40 ಸಾವಿರ ಲೀಟರ್ ಕೂಡಿಡಲು ಜಾಗವಿದ್ದರೆ ಸಾಕು; ಅವರು 45 ಸಾವಿರ ಲೀಟರಿನ ತೊಟ್ಟಿಗಳನ್ನು ಮಾಡಿಕೊಂಡರು. 40×60 ಅಡಿ ನಿವೇಶನದ ಮೇಲೆ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ತಾರಸಿಯ ನೀರು ಸೋಸಿ ತೊಟ್ಟಿಗೆ, ತೊಟ್ಟಿ ತುಂಬಿದ್ದು ಇಂಗುಗುಂಡಿಗೆ. ಈ ಮನೆ ಪಾಠಶಾಲೆಯಾಯಿತು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು 2,400 ಚದರಡಿ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೂ 1,200 ಚದರಡಿ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದರು.

ಇದನ್ನು ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ. ಆದರೆ ಕಾನೂನು ನಾಗರಿಕನಿಗೆ ಕೊಟ್ಟಿದ್ದು ಕರ್ತವ್ಯವನ್ನಷ್ಟೇ. ಕೊಯ್ಲು ಮಾಡದಿದ್ದರೆ ದಂಡ ಕಟ್ಟಬೇಕು. ಮಾಡಿದರೂ ಕಾಂಪೌಂಡಿನಾಚೆಯ ರಾಜಕಾಲುವೆಯ ಬಗ್ಗೆ ಅವನ ಮಾತಿಗೆ ಬೆಲೆಯಿಲ್ಲ.

ಎರಡನೆಯ ದಾರಿ ನ್ಯಾಯಾಲಯ. ಬೆಂಗಳೂರಿನ ಕೆರೆಗಳನ್ನು ಖಾಸಗಿಯವರಿಗೆ ವಹಿಸುವುದರ ವಿರುದ್ಧ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ರಚನೆಯಾಯಿತು, 2012ರಲ್ಲಿ ಆದೇಶವೂ ಬಂತು. ವೃಷಭಾವತಿಯ ಮಾಲಿನ್ಯದ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಹೈಕೋರ್ಟ್ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಿಂದ (ನೀರಿ) ಅಧ್ಯಯನ ಮಾಡಿಸಿತು. ಇವು ಬೇಕಾದ ಹೋರಾಟಗಳೇ. ಆದರೆ ಅರ್ಜಿದಾರನಾಗಿ ಕಟಕಟೆಯ ಮುಂದೆ ನಿಲ್ಲುವುದು ಬೇರೆ, ಯೋಜನೆ ರೂಪಿಸುವ ಸಭೆಯಲ್ಲಿ ಕೂರುವುದು ಬೇರೆ.

ತಿಪ್ಪಗೊಂಡನಹಳ್ಳಿಯ ಪಾಠವನ್ನೂ ಇಲ್ಲೇ ಹೇಳಬೇಕು. ಪಶ್ಚಿಮದ ಬಡಾವಣೆಗಳಿಗೆ ನೀರು ಕೊಟ್ಟ ಈ ಜಲಾಶಯಕ್ಕೆ ಒಳಹರಿವು ಏಕೆ ಬತ್ತಿತೆಂದು ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಅರ್ಕಾವತಿ ಕಣಿವೆಯಲ್ಲಿ ಅಧ್ಯಯನ ಮಾಡಿದರು. 2015ರಲ್ಲಿ ಪ್ರಕಟವಾದ ಅವರ ಸಂಶೋಧನೆಯ ಪ್ರಕಾರ ಮುಖ್ಯ ಕಾರಣ ಮಳೆಯ ಕೊರತೆಯಲ್ಲ. ಕೊಳವೆಬಾವಿಗಳ ಮಿತಿಮೀರಿದ ಬಳಕೆ ಮತ್ತು ನೀಲಗಿರಿ ತೋಪುಗಳು. ಕೊಳವೆಬಾವಿ ಕೊರೆಸಿದ್ದು ಸಾವಿರಾರು ರೈತರು. ಅವರನ್ನು ಕೂರಿಸಿ ಮಾತನಾಡದೆ, ಅಣೆಕಟ್ಟೆಯ ಸುತ್ತ ನಿರ್ಬಂಧಿತ ವಲಯ ಘೋಷಿಸಿದ ಮಾತ್ರಕ್ಕೆ ಆ ನೀರು ವಾಪಸು ಬರುವುದಿಲ್ಲ.

ಬೈರಮಂಗಲದ ಕತೆ ಇನ್ನೂ ಕಹಿ. ನಗರದ ಕೊಳಚೆಯಿಂದ ಅಲ್ಲಿನ ಕೆರೆ ವರ್ಷವಿಡೀ ತುಂಬಿರುತ್ತದೆ, ಬಾವಿಯ ನೀರು ಕುಡಿಯಲು ಬಾರದು. ಭತ್ತ, ಕಬ್ಬು ಬೆಳೆಯುತ್ತಿದ್ದವರು ಬೇಬಿ ಕಾರ್ನ್ ಮತ್ತು ಮೇವಿನ ಹುಲ್ಲಿಗೆ ಹೊರಳಿದರು. ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕದ ಕಾಲುವೆಯಲ್ಲಿ ಸಾಗಿಸುವ ಯೋಜನೆ ಬಂದಾಗ, ಇರುವ ನೀರೂ ಕೈತಪ್ಪೀತೆಂದು ರೈತರೇ ವಿರೋಧಿಸಿದರು. ಅವರಿಗೆ ಬೇಕಿದ್ದದ್ದು ಶುದ್ಧಗೊಳಿಸಿದ ನೀರು. ಕೆಂಗೇರಿಯ ಮೇಲಿನ ಯಾವ ನಿವಾಸಿ ಸಂಘ ಅವರ ಜೊತೆ ಕೂತು ಇದನ್ನು ಕೇಳಿಸಿಕೊಂಡಿದೆ?

ಹೀಗೆ ಒಟ್ಟಿಗೆ ಕೂರುವುದಕ್ಕೆ ಹಳ್ಳಿಗಳಲ್ಲಿ ಒಂದು ಕಾನೂನಿನ ಮಾದರಿಯಿದೆ. ನೀರಾವರಿ ಅಚ್ಚುಕಟ್ಟಿನಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿವೆ. 2002ರಲ್ಲಿ ಶುರುವಾದ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಅವು ಎಲ್ಲೆಡೆ ಚೆನ್ನಾಗಿ ನಡೆದವೆಂದಲ್ಲ, ಆದರೆ ಮಾತಾಡುವ ಹಕ್ಕು ಕಾಗದದ ಮೇಲಾದರೂ ಇದೆ. ವೃಷಭಾವತಿ ಕಣಿವೆಗೆ ಅಂಥದ್ದೊಂದು ಸಮಿತಿ ಆಗಲೇಬೇಕು. ರಾಜಾಜಿನಗರ, ವಿಜಯನಗರ, ಕೆಂಗೇರಿಯ ನಿವಾಸಿ ಸಂಘಗಳು, ಪೀಣ್ಯದ ಕೈಗಾರಿಕೆಗಳು, ಜಲಮಂಡಳಿ ಮತ್ತು ಬೈರಮಂಗಲದ ರೈತರು ಅದರಲ್ಲಿ ಸಮಾನ ಮತದೊಂದಿಗೆ ಕೂರಬೇಕು. ನದಿಯ ಮೇಲ್ದಂಡೆಯಲ್ಲಿರುವ ನಾವೇ ಈ ಬೇಡಿಕೆಯನ್ನು ಮೊದಲು ಮುಂದಿಡಬೇಕು, ಏಕೆಂದರೆ ಅಲ್ಲಿಗೆ ಹರಿಯುತ್ತಿರುವುದು ನಮ್ಮ ಕೊಳಚೆ.