ಗೃಹವೀಡಿಯೊ ಎಂಬ ಚರಿತ್ರೆಯ ಆಕರ: ಐರನ್ ಮೇಡನ್ ತಂಡದ ಆರಂಭದ ವರ್ಷಗಳು

ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಕ್ರಾಸಿನಿಂದ ತೆಂಗಿನ ತೋಟಗಳ ನಡುವಿನ ಹೆದ್ದಾರಿಯನ್ನು ಹಿಡಿದು ಪೂರ್ವಕ್ಕೆ ಹೊರಟವರು ನಿಟ್ಟೂರನ್ನು ದಾಟಿ ಗುಬ್ಬಿಯನ್ನು ಸೇರುತ್ತಾರೆ. ಗುಬ್ಬಿ ಕಂಪನಿಯೆಂದು ನಾಡಿನಲ್ಲೆಲ್ಲ ಹೆಸರಾದ ನಾಟಕ ಮಂಡಳಿಯು 1884ರಲ್ಲಿ ಹುಟ್ಟಿದ್ದು ಇಲ್ಲಿಯೇ. ಈ ಮಂಡಳಿಯ ಮೊದಲ ವರ್ಷಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಸಾರ್ವಜನಿಕರಿಗೆ ಚಲನಚಿತ್ರವನ್ನು ತೋರಿಸಿದ್ದು 1895ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚಿನ ಹನ್ನೊಂದು ವರ್ಷಗಳ ರಂಗಪ್ರಯೋಗಗಳ ಚಲಿಸುವ ಚಿತ್ರವು ದೊರೆಯುವುದು ಅಸಂಭವವೇ ಸರಿ. ಆದುದರಿಂದ ನಾವು ನೆನಪುಗಳನ್ನೂ ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ದಂತಹ ಆತ್ಮಕಥನವನ್ನೂ ಅವಲಂಬಿಸಬೇಕಾಗುತ್ತದೆ.

ಇದಕ್ಕೆ ನೇರ ವಿರುದ್ಧವಾದ ಸ್ಥಿತಿಯೊಂದನ್ನು ಊಹಿಸೋಣ. ಒಂದು ಕಲಾತಂಡವು ತನ್ನ ಆರಂಭದ ವರ್ಷಗಳನ್ನು ತಾನೇ ಚಿತ್ರೀಕರಿಸಿ, ಜನರು ಮನೆಯಲ್ಲಿ ನೋಡಲೆಂದು ಕ್ಯಾಸೆಟ್ಟಿನ ರೂಪದಲ್ಲಿ ಮಾರಿ, ಮುಂದೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿದರೆ ಚರಿತ್ರಕಾರನ ಕೆಲಸ ಸುಲಭವಾಗುತ್ತದೆಯೇ? ಇಂಗ್ಲೆಂಡಿನ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡವು ಈ ಪ್ರಶ್ನೆಗೆ ತಕ್ಕ ಉದಾಹರಣೆ. ಹೆವಿ ಮೆಟಲ್ ಎಂದರೆ ವಿದ್ಯುತ್ ಗಿಟಾರುಗಳ ಘನವಾದ ನಾದ, ರಭಸದ ತಾಳ, ಏರುಕಂಠದ ಗಾಯನ ಇವುಗಳಿಂದ ಕೂಡಿದ ರಾಕ್ ಸಂಗೀತದ ಒಂದು ಪ್ರಭೇದ. ಇದನ್ನು ಮೆಚ್ಚುವುದೂ ಬಿಡುವುದೂ ಓದುಗರ ಇಚ್ಛೆ. ಇಲ್ಲಿ ನಮಗೆ ಪ್ರಸ್ತುತವಾದುದು ಆಕರಗಳ ವಿಚಾರ ಮಾತ್ರ.

ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಪೂರ್ವ ಲಂಡನ್ನಿನಲ್ಲಿ ಈ ತಂಡವನ್ನು ಕಟ್ಟಿದ್ದು 1975ರ ಡಿಸೆಂಬರ್ 25ರಂದು. ಮೊದಲ ಕಛೇರಿ ನಡೆದದ್ದು 1976ರ ಮೇ ತಿಂಗಳಿನಲ್ಲಿ. ಆಮೇಲಿನ ಕೆಲವು ವರ್ಷಗಳಲ್ಲಿ ಕಾರ್ಟ್ ಅಂಡ್ ಹಾರ್ಸಸ್, ರಸ್ಕಿನ್ ಆರ್ಮ್ಸ್ ಮೊದಲಾದ ಪಾನಗೃಹಗಳೇ ಇವರ ರಂಗಸ್ಥಳಗಳಾಗಿದ್ದವು. ವಾದಕರೂ ಗಾಯಕರೂ ಬರುತ್ತಿದ್ದರು, ಹೋಗುತ್ತಿದ್ದರು. 1978ರ ಡಿಸೆಂಬರ್ 30 ಮತ್ತು 31ರಂದು ಕೇಂಬ್ರಿಜ್ಜಿನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿಕೊಂಡರು. ಮೂಲ ಟೇಪನ್ನು ಕೊಳ್ಳುವಷ್ಟು ಹಣ ಆಗ ಅವರಲ್ಲಿರಲಿಲ್ಲ. ಅವರು ಮರಳಿ ಹೋಗುವಷ್ಟರಲ್ಲಿ ಆ ಟೇಪನ್ನು ಅಳಿಸಲಾಗಿತ್ತು. ಉಳಿದಿದ್ದ ಪ್ರತಿಯಿಂದ ಮೂರು ಹಾಡುಗಳನ್ನು ಆರಿಸಿ, 1979ರ ನವೆಂಬರಿನಲ್ಲಿ ‘ದಿ ಸೌಂಡ್‌ಹೌಸ್ ಟೇಪ್ಸ್’ ಎಂಬ ಹೆಸರಿನಿಂದ 5,000 ತಟ್ಟೆಗಳನ್ನು ಹೊರತಂದು ಅಂಚೆಯ ಮೂಲಕ ಮಾರಿದರು. ಆ ವರ್ಷದ ಕೊನೆಗೆ ಇ.ಎಂ.ಐ. ಸಂಸ್ಥೆಯೊಡನೆ ಒಪ್ಪಂದವಾಯಿತು. 1980ರ ಏಪ್ರಿಲ್ 14ರಂದು ಹೊರಬಂದ ಮೊದಲ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 4ನೆಯ ಸ್ಥಾನವನ್ನು ಪಡೆಯಿತು.

ಇನ್ನು ವೀಡಿಯೊಗಳ ವಿಚಾರ. 1980ರ ಡಿಸೆಂಬರ್ 21ರಂದು ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ನಡೆದ ಕಛೇರಿಯನ್ನು ಚಿತ್ರೀಕರಿಸಿ, 1981ರಲ್ಲಿ ‘ಲೈವ್ ಅಟ್ ದಿ ರೇನ್‌ಬೋ’ ಎಂಬ ಕ್ಯಾಸೆಟ್ಟನ್ನು ಮಾರಾಟಕ್ಕೆ ತಂದರು. ಇದು ತಂಡದ ಪ್ರಥಮ ಗೃಹವೀಡಿಯೊ; ಅವಧಿ ಸುಮಾರು ಅರ್ಧ ಗಂಟೆ. ಇದನ್ನು ಸಾವಧಾನವಾಗಿ ನೋಡಿದರೆ ಎರಡು ಅಂಶಗಳು ಗೋಚರವಾಗುತ್ತವೆ. ಮೊದಲನೆಯದು, ರಂಗದ ಮೇಲಿರುವವರು ಮೊದಲ ಆಲ್ಬಮ್ಮಿನಲ್ಲಿ ನುಡಿಸಿದವರೆಲ್ಲರೂ ಅಲ್ಲ. ಡೆನಿಸ್ ಸ್ಟ್ರ್ಯಾಟನ್ ಹೊರಗೆ ಹೋಗಿ, ಅವರ ಜಾಗಕ್ಕೆ ಏಡ್ರಿಯನ್ ಸ್ಮಿತ್ ಬಂದು ಕೆಲವು ವಾರಗಳಷ್ಟೇ ಆಗಿದ್ದವು. ಎರಡನೆಯದು, ‘ಕಿಲ್ಲರ್ಸ್’ ಎಂಬ ಹಾಡಿನ ಸಾಹಿತ್ಯ ಇಲ್ಲಿ ಬೇರೆಯಾಗಿದೆ. 1981ರ ಫೆಬ್ರವರಿಯಲ್ಲಿ ಅದೇ ಹೆಸರಿನ ಆಲ್ಬಮ್ಮಿನಲ್ಲಿ ಅಚ್ಚಾದ ಪಾಠಕ್ಕಿಂತ ಇದು ಹಿಂದಿನದು. ಪಂಪ, ರನ್ನರ ಕಾವ್ಯಗಳ ಹಸ್ತಪ್ರತಿಗಳಲ್ಲಿ ಪಾಠಾಂತರಗಳನ್ನು ಹುಡುಕುವ ನಮ್ಮ ವಿದ್ಯಾರ್ಥಿಗಳಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈ ಕ್ಯಾಸೆಟ್ಟಿನ ನಡುವೆ ನಿಂತು ಹಾಡುವವರು ಪಾಲ್ ಡಿಯಾನೊ. ಕ್ಯಾಸೆಟ್ಟು ಹೊರಬಂದ ವರ್ಷದ ಸೆಪ್ಟೆಂಬರಿನಲ್ಲಿಯೇ ಅವರು ತಂಡದಿಂದ ಹೊರಬಿದ್ದರು. ಅವರ ಸ್ಥಾನಕ್ಕೆ ಬ್ರೂಸ್ ಡಿಕಿನ್ಸನ್ ಬಂದರು. 1982ರ ಮಾರ್ಚ್ 22ರಂದು ಹೊರಬಂದ ‘ದಿ ನಂಬರ್ ಆಫ್ ದಿ ಬೀಸ್ಟ್’ ಆಲ್ಬಂ ಬ್ರಿಟನ್ನಿನಲ್ಲಿ ಪ್ರಥಮ ಸ್ಥಾನವನ್ನು ಗಳಿಸಿತು. ತಂಡದ ಖ್ಯಾತಿಯು ಲೋಕವ್ಯಾಪಿಯಾಯಿತು. ರೇನ್‌ಬೋ ವೀಡಿಯೊವನ್ನು ತೆಗೆದವರಿಗೆ ಇದಾವುದೂ ತಿಳಿದಿರಲಿಲ್ಲ. ಹಾಗೆ ತಿಳಿಯದೆ ಇದ್ದುದೇ ಆ ಸಾಕ್ಷ್ಯದ ಬಲ. ಡಿಯಾನೊ ಅಲ್ಲಿ ಹಳೆಯ ಗಾಯಕರಲ್ಲ, ಗಾಯಕರು.

1987ರಲ್ಲಿ ತಂಡವು ‘12 ವೇಸ್ಟೆಡ್ ಇಯರ್ಸ್’ ಎಂಬ ಸಾಕ್ಷ್ಯಚಿತ್ರದ ಕ್ಯಾಸೆಟ್ಟನ್ನು ಹೊರತಂದಿತು. ಹೆಸರಿನಲ್ಲಿರುವ ಹನ್ನೆರಡು ವರ್ಷಗಳು 1975ರಿಂದ ಎಣಿಸಿದವು. ತಟ್ಟೆಗಳಿಲ್ಲದ ಪಾನಗೃಹದ ದಿನಗಳೂ ಹೀಗೆ ಚರಿತ್ರೆಯೊಳಗೆ ಸೇರಿದವು. ಆದರೆ ಗೆದ್ದವರ ಪೂರ್ವಕಥೆಯಾಗಿ ಸೇರಿದವು. 2004ರಲ್ಲಿ ‘ದಿ ಅರ್ಲಿ ಡೇಸ್’ ಎಂಬ ಎರಡು ಡಿ.ವಿ.ಡಿ.ಗಳ ಸಂಪುಟ ಬಂದಿತು. ರೇನ್‌ಬೋ ಕಛೇರಿ, ‘ದಿ ನಂಬರ್ ಆಫ್ ದಿ ಬೀಸ್ಟ್’ ಬಿಡುಗಡೆಯಾಗುವುದಕ್ಕೆ ಎರಡು ದಿನ ಮೊದಲು ಹ್ಯಾಮರ್‌ಸ್ಮಿತ್ ಓಡಿಯನ್ನಿನಲ್ಲಿ ನಡೆದ ಕಛೇರಿ, 1983ರ ಡಿಸೆಂಬರಿನ ಡಾರ್ಟ್‌ಮುಂಡ್ ಕಛೇರಿ ಇವುಗಳೊಡನೆ ದೀರ್ಘವಾದ ಸಾಕ್ಷ್ಯಚಿತ್ರವೊಂದೂ ಇದರಲ್ಲಿದೆ. ತಂಡವನ್ನು ಬಿಟ್ಟುಹೋದವರಿಗೂ ಇಲ್ಲಿ ಮಾತನಾಡುವ ಅವಕಾಶವಿರುವುದು ಸ್ತುತ್ಯವಾದ ಸಂಗತಿ. ಆದರೂ ಯಾರ ಮಾತು ಎಷ್ಟು, ಯಾವುದರ ಹಿಂದೆ ಯಾವುದು ಎಂಬ ನಿರ್ಣಯವೆಲ್ಲ ಪ್ರಕಾಶಕರದೇ. ಆಸ್ಥಾನ ಕವಿಯು ಬರೆದ ರಾಜವಂಶದ ಚರಿತ್ರೆಯನ್ನು ನಾವು ಹೇಗೆ ಓದುತ್ತೇವೆಯೋ ಇದನ್ನೂ ಹಾಗೆಯೇ ಓದಬೇಕು: ತಳ್ಳಿಹಾಕದೆ, ಪೂರ್ತಿಯಾಗಿ ನಂಬಿಯೂ ಬಿಡದೆ, ಶಾಸನದೊಡನೆ ಹೋಲಿಸಿ. ಇಲ್ಲಿ ಶಾಸನದ ಸ್ಥಾನದಲ್ಲಿರುವುದು 1981ರ ಕ್ಯಾಸೆಟ್ಟು.

ಈ ವಿಚಾರವು ಕನ್ನಡನಾಡಿಗೆ ಹೊರಗಿನದಲ್ಲ. ಐರನ್ ಮೇಡನ್ ಭಾರತದಲ್ಲಿ ಪ್ರಥಮ ಬಾರಿಗೆ ಹಾಡಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. ರೇನ್‌ಬೋ ಕ್ಯಾಸೆಟ್ಟಿಗೂ ಈ ಕಛೇರಿಗೂ ಇಪ್ಪತ್ತಾರು ವರ್ಷಗಳ ಅಂತರ. ಲಂಡನ್ನಿನ ಅಭಿಮಾನಿಗಳು ಮೊದಲು ಪಾನಗೃಹದಲ್ಲಿ ಕೇಳಿ ಅನಂತರ ತಟ್ಟೆಯನ್ನು ಕೊಂಡರು. ಬೆಂಗಳೂರಿನವರಿಗೆ ಮುದ್ರಿಕೆಗಳೇ ಮೊದಲು, ಪ್ರತ್ಯಕ್ಷದರ್ಶನ ಆಮೇಲೆ. ಬೆಂಗಳೂರಿನಲ್ಲಿಯೇ 1980ರ ದಶಕದ ಕೊನೆಯಲ್ಲಿ ಮಿಲೆನಿಯಂ, 1998ರಲ್ಲಿ ಕ್ರಿಪ್ಟೋಸ್ ಎಂಬ ತಂಡಗಳು ಹುಟ್ಟಿದವು. ಕ್ರಿಪ್ಟೋಸ್ ತನ್ನ ಮೊದಲ ಆಲ್ಬಮ್ಮಾದ ‘ಸ್ಪೈರಲ್ ಅಸೆಂಟ್’ ಅನ್ನು ಹೊರತಂದದ್ದು 2004ರಲ್ಲಿ. 2013ರಲ್ಲಿ ಅದು ಜರ್ಮನಿಯ ವಾಕೆನ್ ಉತ್ಸವದಲ್ಲಿ ಹಾಡಿತು. 1998ರಿಂದ 2004ರವರೆಗಿನ ಆರು ವರ್ಷಗಳು ಆಲ್ಬಂ ಇಲ್ಲದ ವರ್ಷಗಳು. ಐರನ್ ಮೇಡನ್ನಿನ ಪಾನಗೃಹದ ದಿನಗಳಿಗೆ ಇವು ಸಮಾನ. ಇವುಗಳ ಚರಿತ್ರೆ ದೊರೆಯಬೇಕಾದರೆ ಕೇಳಿದವರನ್ನೂ ನುಡಿಸಿದವರನ್ನೂ ವಿಚಾರಿಸಬೇಕು, ಮನೆಗಳಲ್ಲಿ ಉಳಿದಿರುವ ಟೇಪುಗಳನ್ನು ಹುಡುಕಬೇಕು.

ನಮ್ಮ ಸೀಮೆಗೂ ಈ ಮಾತು ಅನ್ವಯಿಸುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟರ ಕೈಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ನಡೆದು ರಂಗಕ್ಕೇರುವ ಪೌರಾಣಿಕ ನಾಟಕಗಳನ್ನು ಮದುವೆಗಳನ್ನು ತೆಗೆಯುವ ಕ್ಯಾಮೆರಾದವರೇ ಕ್ಯಾಸೆಟ್ಟಿಗೆ ಇಳಿಸಿಕೊಟ್ಟದ್ದುಂಟು. ಆ ಕ್ಯಾಸೆಟ್ಟುಗಳಿಗೆ ಮಾರುಕಟ್ಟೆ ಇರಲಿಲ್ಲ. ಅವುಗಳನ್ನು ಮತ್ತೆ ಸಂಕಲಿಸಿ ಕಥೆಯನ್ನು ತಿದ್ದಿದವರೂ ಇಲ್ಲ. ಈ ಕಾರಣದಿಂದಲೇ ಅವು ರೇನ್‌ಬೋ ವೀಡಿಯೊಗಿಂತಲೂ ಹೆಚ್ಚು ನಂಬಲರ್ಹವಾದ ಆಕರಗಳು. ಆದರೆ ಕಾಂತೀಯ ಟೇಪಿಗೆ ತಾಳೆಗರಿಯ ಆಯುಸ್ಸಿಲ್ಲ. ತೇವದಿಂದ ಬೂಷ್ಟು ಹಿಡಿಯುತ್ತದೆ. ಅದನ್ನು ಓಡಿಸುವ ಯಂತ್ರಗಳೂ ಮರೆಯಾಗುತ್ತಿವೆ. ಕೇಂಬ್ರಿಜ್ಜಿನ ಸ್ಟುಡಿಯೋದಲ್ಲಿ ಒಂದು ಟೇಪು ಅಳಿದದ್ದು ಹಣದ ಅಭಾವದಿಂದ. ನಮ್ಮ ಊರುಗಳಲ್ಲಿ ಅಳಿಯುವುದು ಅವು ಆಕರವೆಂದು ಯಾರಿಗೂ ತೋರದೆ ಇರುವುದರಿಂದ.

ಕಾಲೇಜುಗಳ ಚರಿತ್ರೆಯ ವಿಭಾಗಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳುವುದು ಉಚಿತ. ವಿದ್ಯಾರ್ಥಿಗಳು ತಂತಮ್ಮ ಊರಿನ ಟೇಪುಗಳನ್ನು ಪತ್ತೆಮಾಡಿ, ಮಾಲೀಕರ ಒಪ್ಪಿಗೆಯಿಂದ ಪ್ರತಿಮಾಡಿಸಿ, ಪ್ರಯೋಗದ ದಿನಾಂಕ, ಸ್ಥಳ, ಪಾತ್ರಧಾರಿಗಳು, ಮೇಷ್ಟರು ಇವರ ಹೆಸರುಗಳನ್ನು ಬರೆದಿಡಬೇಕು. ಚಿತ್ರದಲ್ಲಿ ಕಾಣದ, ಆದರೆ ಅಭ್ಯಾಸದಲ್ಲಿದ್ದು ಹೊರಟುಹೋದವರ ಹೆಸರುಗಳನ್ನೂ ಕೇಳಿ ಬರೆದುಕೊಳ್ಳುವುದನ್ನು ಮರೆಯಬಾರದು. ಅವರನ್ನು ಬಲ್ಲವರು ಇನ್ನೂ ಇರುವಾಗಲೇ ಈ ಕಾರ್ಯ ನಡೆಯಬೇಕು.