ಅಗುಳು ಯಾವ ಪಾತ್ರೆಯದು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಈ ಮಾತಿನೊಳಗೆ ಹೇಳದೇ ಬಿಟ್ಟ ಷರತ್ತೊಂದಿದೆ. ಹಿಚುಕಿದ ಅಗುಳೂ ಬಡಿಸುವ ಅನ್ನವೂ ಒಂದೇ ಪಾತ್ರೆಯದ್ದಾಗಿರಬೇಕು. ಅಡುಗೆಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಸಾಫ್ಟ್‌ವೇರ್ ಕಟ್ಟುವ ನಮ್ಮ ಕಸುಬು ಇದನ್ನು ಕಲಿಯಲು ಮೂರು ದಶಕ ತೆಗೆದುಕೊಂಡಿತು. ನಾನು ಕಲಿತದ್ದು 2012ರಲ್ಲಿ, ಪುಣೆಯಲ್ಲಿ, ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದ ಮೇಲೆ.

ಈ ಕೆಲಸದಲ್ಲಿ ಇಲ್ಲದವರಿಗಾಗಿ ಎರಡು ಮಾತು. ನಾವು ಬರೆಯುವ ಕೋಡ್ ಹಾಗೆಯೇ ಗ್ರಾಹಕರ ಕೈಗೆ ಹೋಗುವುದಿಲ್ಲ. ಅದನ್ನು ಕಂಪೈಲ್ ಮಾಡಿ, ಬೇಕಾದ ಲೈಬ್ರರಿಗಳನ್ನು ಸೇರಿಸಿ, ಒಂದು ಫೈಲಾಗಿ ಕಟ್ಟುತ್ತೇವೆ. ಈ ಕಟ್ಟುವ ಕೆಲಸ ಬಿಲ್ಡ್, ಹೊರಬಂದ ಫೈಲು ಆರ್ಟಿಫ್ಯಾಕ್ಟ್. ಕಟ್ಟುವುದು, ಪರೀಕ್ಷಿಸುವುದು, ಕಳಿಸುವುದು ಎಂಬ ಹಂತಗಳನ್ನು ಯಂತ್ರವೇ ಸಾಲಾಗಿ ನಡೆಸಿದರೆ ಅದು ಪೈಪ್‌ಲೈನ್.

ನಮ್ಮಲ್ಲಿ ಮೂರು ಪೈಪ್‌ಲೈನ್‌ಗಳಿದ್ದವು. ಮೊದಲನೆಯದು ಬಡ್ಡಿ ಲೆಕ್ಕ ಹಾಕುವ ಲೈಬ್ರರಿಯನ್ನು ಕಟ್ಟುತ್ತಿತ್ತು. ಎರಡನೆಯದು ಆ ಲೈಬ್ರರಿ ಬಳಸುವ ಅಪ್ಲಿಕೇಶನ್ ಕಟ್ಟಿ ಪರೀಕ್ಷಿಸುತ್ತಿತ್ತು. ಮೂರನೆಯದು ರಿಲೀಸಿನದು. ಪರೀಕ್ಷೆಯಲ್ಲಿ ಪಾಸಾದ ಫೈಲನ್ನೇ ಎತ್ತಿಕೊಳ್ಳುವ ಬದಲು ಅದು ಅಪ್ಲಿಕೇಶನ್ ಅನ್ನು ಮತ್ತೆ ಮೊದಲಿನಿಂದ ಕಟ್ಟುತ್ತಿತ್ತು. ಕೋಡ್ ಅದೇ ತಾನೇ, ಮತ್ತೆ ಕಟ್ಟಿದರೇನಾಯಿತು ಎಂಬುದು ನಮ್ಮ ಎಣಿಕೆ. ಒಂದು ರಿಲೀಸಿನಲ್ಲಿ ಬಡ್ಡಿಯ ಪೈಸೆಗಳು ತಪ್ಪಿದವು. ಗ್ರಾಹಕರು ಫೋನ್ ಮಾಡಿದಾಗ ನಾನು ಮೊದಲು ಹಿಡಿದದ್ದು ಪರೀಕ್ಷೆ ಮಾಡಿದ ಹುಡುಗನನ್ನು. ಹುಬ್ಬಳ್ಳಿಯವನು. ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ತಡವರಿಸಿದ. ಆಮೇಲೆ ಚಹಾ ಅಂಗಡಿಯ ಹತ್ತಿರ ಬಂದು ಹೇಳಿದ: "ನಾ ಟೆಸ್ಟ್ ಮಾಡಿದ್ರಾಗ ಲೆಕ್ಕ ಬರೋಬ್ಬರಿ ಇತ್ರೀ ಸರ." ನಾನು ನಂಬಲಿಲ್ಲ.

ನಂಬಬಹುದಿತ್ತು. ನಮ್ಮ ಕಸುಬಿನ ಇತಿಹಾಸದಲ್ಲಿ ಇಂಥ ಬೆಳಗುಗಳು ಬಹಳ ಹಿಂದೆಯೇ ಬಂದಿವೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬ ಪ್ರೋಗ್ರಾಮರ್ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಇಡೀ ಬೆಳಗ್ಗೆ ತಪ್ಪು ಹುಡುಕಿದ್ದ. ತಪ್ಪನ್ನು ಅವನು ಆಗಲೇ ತಿದ್ದಿದ್ದ. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಹಳೆಯ ಫೈಲೇ ಒಳಗೆ ಉಳಿದಿತ್ತು. ಅವನ ಗೊಣಗಾಟ ಕೇಳಿದ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಉಪಕರಣ ಬರೆದ. ಯಾವುದು ಬದಲಾಗಿದೆಯೋ ಅದನ್ನೂ, ಅದನ್ನು ಅವಲಂಬಿಸಿದ್ದನ್ನೂ ಮತ್ತೆ ಕಟ್ಟುವ ಕೆಲಸ ಅದರದ್ದು. ಅದು ಇಂದಿಗೂ ಬಳಕೆಯಲ್ಲಿದೆ.

ಮೇಕ್ ಒಂದು ಯಂತ್ರದೊಳಗಿನ ಗೊಂದಲವನ್ನು ಬಗೆಹರಿಸಿತು. ತಂಡಗಳು ದೊಡ್ಡದಾದಂತೆ ಗೊಂದಲ ಯಂತ್ರಗಳ ನಡುವೆ ಬಂತು. ಎಲ್ಲರ ಕೋಡನ್ನೂ ದಿನವೂ ಒಟ್ಟುಗೂಡಿಸಿ ಕಟ್ಟಿನೋಡುವ ಪದ್ಧತಿ, ಅಂದರೆ ಕಂಟಿನ್ಯುಯಸ್ ಇಂಟಿಗ್ರೇಷನ್, 1990ರ ದಶಕದಲ್ಲಿ ಕೆಂಟ್ ಬೆಕ್ ಮತ್ತು ಸಂಗಡಿಗರಿಂದ ಹೆಸರಾಯಿತು. 2001ರಲ್ಲಿ ಥಾಟ್‌ವರ್ಕ್ಸ್‌ನವರ ಕ್ರೂಸ್‌ಕಂಟ್ರೋಲ್ ಬಂತು. ಆ ಕಾಲದ ಮುಖ್ಯ ಪ್ರಶ್ನೆ ಒಂದೇ: ಎಲ್ಲರ ಕೋಡ್ ಕೂಡಿದಾಗ ಬಿಲ್ಡ್ ಒಡೆಯುತ್ತದೆಯೇ? ಕಟ್ಟಿದ ಫೈಲು ಮುಂದೆ ಯಾರ ಕೈಗೆ ಹೋಗುತ್ತದೆ ಎಂಬುದು ಹಿಂದಿನ ಬೆಂಚಿನಲ್ಲೇ ಉಳಿಯಿತು.

ಆ ಪ್ರಶ್ನೆಯನ್ನು ಮುಂದಕ್ಕೆ ತಂದವರಲ್ಲಿ ಸನ್ ಕಂಪನಿಯ ಕೊಹ್ಸುಕೆ ಕವಾಗುಚಿ ಒಬ್ಬ. ಅವನು ಬರೆದ ಹಡ್ಸನ್ 2005ರಲ್ಲಿ ಹೊರಬಂತು, 2011ರಲ್ಲಿ ಜೆಂಕಿನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಒಂದು ಕೆಲಸ ಮುಗಿದ ಕೂಡಲೇ ಇನ್ನೊಂದನ್ನು ಎಬ್ಬಿಸುವುದು, ಕಟ್ಟಿದ ಫೈಲನ್ನು ಜೋಪಾನವಾಗಿಡುವುದು ಅದಕ್ಕೆ ಬರುತ್ತಿತ್ತು. ಇನ್ನೂ ಒಂದು ಸೌಕರ್ಯವಿತ್ತು, ಫಿಂಗರ್‌ಪ್ರಿಂಟ್. ಫೈಲಿನ ಎಂಡಿ5 ಮೊತ್ತವನ್ನು ಬರೆದಿಟ್ಟುಕೊಂಡು, ಅದು ಯಾವ ಬಿಲ್ಡಿನಲ್ಲಿ ಹುಟ್ಟಿತು, ಎಲ್ಲೆಲ್ಲಿ ಬಳಕೆಯಾಯಿತು ಎಂಬ ಜಾತಕ ತೋರಿಸುವ ವ್ಯವಸ್ಥೆ.

ಒಂದು ಪೈಪ್‌ಲೈನಿನ ಫೈಲನ್ನು ಇನ್ನೊಂದಕ್ಕೆ ತರಲು ಕಾಪಿ ಆರ್ಟಿಫ್ಯಾಕ್ಟ್ ಎಂಬ ಪ್ಲಗಿನ್ ಕೂಡ ಬಂತು. ಅದರಲ್ಲಿ 'ಕೊನೆಯ ಯಶಸ್ವಿ ಬಿಲ್ಡ್' ಎಂದು ಆರಿಸಿಕೊಳ್ಳಬಹುದು. ಸುಲಭ, ಆದರೆ ಅಲ್ಲೇ ಗುಂಡಿ. 41ನೇ ಬಿಲ್ಡ್ ಎಬ್ಬಿಸಿದ ಎರಡು ಪೈಪ್‌ಲೈನ್‌ಗಳಲ್ಲಿ ಒಂದು ತಡವಾಗಿ ಶುರುವಾಯಿತೆನ್ನಿ. ಅಷ್ಟರಲ್ಲಿ 42 ಮುಗಿದಿದ್ದರೆ ಅದು 42ನ್ನು ಎತ್ತಿಕೊಳ್ಳುತ್ತದೆ. ಕೊನೆಗೆ ಇವೆರಡನ್ನೂ ಜೋಡಿಸುವ ಹಂತದಲ್ಲಿ ಎರಡು ಪಾತ್ರೆಯ ಅನ್ನ ಬೆರೆಯುತ್ತದೆ. ಎಲ್ಲ ದೀಪಗಳೂ ಹಸಿರಾಗಿಯೇ ಇರುತ್ತವೆ. ಥಾಟ್‌ವರ್ಕ್ಸ್‌ನ ಗೋಸಿಡಿ, ಕವಲೊಡೆದ ಹಾದಿಗಳು ಕೂಡುವಲ್ಲಿ ಎರಡೂ ಒಂದೇ ಮೂಲದವೇ ಎಂದು ನೋಡಿದ ಮೇಲಷ್ಟೇ ಮುಂದಕ್ಕೆ ಬಿಡುತ್ತದೆ. 2010ರಲ್ಲಿ ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲಿ ತಮ್ಮ 'ಕಂಟಿನ್ಯುಯಸ್ ಡೆಲಿವರಿ' ಪುಸ್ತಕದಲ್ಲಿ ಇದನ್ನೇ ನಿಯಮ ಮಾಡಿದರು: ಒಮ್ಮೆ ಮಾತ್ರ ಕಟ್ಟಿ, ಅದನ್ನೇ ಎಲ್ಲ ಹಂತಗಳಲ್ಲೂ ಸಾಗಿಸಿ.

ಪುಸ್ತಕ ನಮ್ಮ ಕಪಾಟಿನಲ್ಲಿತ್ತು. ಫಿಂಗರ್‌ಪ್ರಿಂಟ್ ಸೌಕರ್ಯ ನಮ್ಮ ಸರ್ವರಿನಲ್ಲೇ ಇತ್ತು, ನಾವು ಆನ್ ಮಾಡಿರಲಿಲ್ಲ. ಮೂರು ದಿನದ ಮೇಲೆ, ಪರೀಕ್ಷೆಯಾದ ಫೈಲನ್ನೂ ರಿಲೀಸಾದ ಫೈಲನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟಾಗ ಒಳಗಿನ ಲೈಬ್ರರಿಗಳು ಬೇರೆ ಬೇರೆ ಎಂದು ಕಂಡಿತು. ನಾವು ಬಳಸುತ್ತಿದ್ದದ್ದು ಮೇವನ್‌ನ 'ಸ್ನ್ಯಾಪ್‌ಶಾಟ್' ಆವೃತ್ತಿ. ಹೆಸರು ಅದೇ ಇರುತ್ತದೆ, ಒಳಗಿನ ಹೂರಣ ಬದಲಾಗುತ್ತಿರುತ್ತದೆ. ಪರೀಕ್ಷೆಗೂ ರಿಲೀಸಿಗೂ ನಡುವಿನ ರಾತ್ರಿ ಬೇರೊಂದು ತಂಡ ಪೈಸೆಯ ರೌಂಡಿಂಗ್ ಬದಲಿಸಿತ್ತು. ಹುಡುಗ ಹಿಚುಕಿದ ಅಗುಳು ಬೆಂದೇ ಇತ್ತು. ನಾವು ಬಡಿಸಿದ್ದು ಬೇರೆ ಪಾತ್ರೆಯಿಂದ.

ಒಂದೇ ಪಾತ್ರೆ ಎಂದರೂ ಮುಗಿಯಲಿಲ್ಲ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದಾಳಿಕೋರರು ಬಿಲ್ಡ್ ನಡೆಯುವ ಹೊತ್ತಿನಲ್ಲೇ ಒಂದು ಸೋರ್ಸ್ ಫೈಲನ್ನು ಬದಲಾಯಿಸಿದ್ದರು. ಹೊರಬಂದ ಫೈಲಿಗೆ ಕಂಪನಿಯ ಅಸಲಿ ಸಹಿಯೇ ಬಿತ್ತು. ಮರುವರ್ಷ ಗೂಗಲ್ ಮುಂದಿಟ್ಟ ಸಾಲ್ಸಾ ಎಂಬ ಚೌಕಟ್ಟು, ಫೈಲಿನ ಜೊತೆಗೆ ಅದು ಯಾವ ಕೋಡಿನಿಂದ, ಯಾವ ಯಂತ್ರದಲ್ಲಿ, ಹೇಗೆ ಹುಟ್ಟಿತು ಎಂಬ ಪುರಾವೆಯನ್ನೂ ಕೇಳುತ್ತದೆ.

ಕಾರಣ ಸಿಕ್ಕ ಹೊತ್ತಿಗೆ ಆ ಹುಡುಗನ ಅಪ್ರೈಸಲ್ ಮುಗಿದಿತ್ತು. ನಾನೇ ಬರೆದದ್ದು, 'ಪರೀಕ್ಷೆಯಲ್ಲಿ ಅಜಾಗರೂಕತೆ' ಎಂದು. ತಿದ್ದಲು ಮೇಲ್ ಮಾಡಿದೆ, ಗಡುವು ದಾಟಿದೆ ಎಂದರು. ಅವನ ಬಳಿ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸರ" ಅಂದ. ಆರು ತಿಂಗಳಲ್ಲಿ ಬೇರೆ ಕೆಲಸ ಹಿಡಿದು ಹೋದ.

ಈಗಲೂ ರಿಲೀಸ್ ಕೆಟ್ಟ ರಾತ್ರಿಗಳು ಬರುತ್ತವೆ. ಕಾಲ್‌ನಲ್ಲಿ ಯಾರಾದರೊಬ್ಬರು "ಇದನ್ನು ಟೆಸ್ಟ್ ಮಾಡಿದ್ದು ಯಾರು" ಎಂದು ಶುರುಮಾಡುತ್ತಾರೆ. ನಾನು ಅವರನ್ನು ತಡೆದು, ಟೆಸ್ಟ್ ಆದದ್ದು ಯಾವ ಬಿಲ್ಡ್, ಹೋದದ್ದು ಯಾವ ಬಿಲ್ಡ್ ಎಂದು ಮೊದಲು ಕೇಳುತ್ತೇನೆ. ಎರಡೂ ಸಂಖ್ಯೆ ಕೈಗೆ ಬರುವ ತನಕ ಯಾರ ಹೆಸರನ್ನೂ ಎತ್ತಲು ಬಿಡುವುದಿಲ್ಲ.